ಮೂರು ಗಂಟೆಯ ಮೋಡ

ಕೇಳುಗರಿಗೆ ನಮಸ್ಕಾರ.

ಬೇಸಿಗೆ ರಜೆ ಶುರುವಾದರೆ ಸಾಕು, ಕಂಡವರೆಲ್ಲ ಕೇಳುವುದು ಒಂದೇ ಮಾತು: "ಭಾನುವಾರ ಮಳೆ ಬರುತ್ತದೆಯೇ?" ಆ ಪ್ರಶ್ನೆಯ ಮೇಲೆಯೇ ನನಗೆ ತಕರಾರಿದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ದಕ್ಷಿಣ ಒಳನಾಡಿನ ಮಳೆ ವಾರ ನೋಡುವುದಿಲ್ಲ, ಗಡಿಯಾರ ನೋಡುತ್ತದೆ. ಕೇಳಬೇಕಾದದ್ದು "ಎಷ್ಟು ಹೊತ್ತಿಗೆ?" ಎಂದು.

ತಿಪಟೂರು ಕಡೆಯ ನಮ್ಮ ಅಜ್ಜಿ ಇದನ್ನು ಯಾರಿಂದಲೂ ಕಲಿತವರಲ್ಲ. ಬೆಳಗ್ಗೆ ಏಳಕ್ಕೆಲ್ಲ ಮಾಳಿಗೆಯ ಮೇಲೆ ಹಳೆಯ ಪಂಚೆ ಹಾಸಿ ಸಂಡಿಗೆ ಇಡುವರು. ಮಧ್ಯಾಹ್ನ ಎರಡೂವರೆಗೆ ಪಂಚೆ ಸಮೇತ ಒಳಗೆ ತರುವರು. ಆಗಿನ್ನೂ ಸುಡು ಬಿಸಿಲು. ದೂರದಲ್ಲಿ ಹೂಕೋಸಿನಂಥ ಒಂದೇ ಒಂದು ಬಿಳಿ ಮೋಡ. ಮೊಮ್ಮಕ್ಕಳಾದ ನಾವು ನಗುತ್ತಿದ್ದೆವು. ನಾಲ್ಕಾಗುವಷ್ಟರಲ್ಲಿ ತೆಂಗಿನ ಗರಿಗಳೆಲ್ಲ ಒಂದೇ ಕಡೆಗೆ ಬಾಗಿ, ಅಂಗಳದ ಧೂಳು ಮೇಲೆದ್ದು, ತಣ್ಣನೆಯ ಗಾಳಿ ಬಂದು ಮುಖಕ್ಕೆ ಬಡಿಯುತ್ತಿತ್ತು. ಪಕ್ಕದ ಮನೆಯವರ ಸಂಡಿಗೆ ನೆನೆದು ಮತ್ತೆ ಹಿಟ್ಟಾಗುತ್ತಿತ್ತು.

ಆ ತಣ್ಣನೆಯ ಗಾಳಿ ಎಲ್ಲಿಂದ ಬಂತು? ಮೋಡದಿಂದಲೇ. ಬೆಳಗಿನಿಂದ ಕಾದ ನೆಲ ತನ್ನ ಮೇಲಿನ ಗಾಳಿಯನ್ನು ಮೇಲಕ್ಕೆ ಕಳಿಸುತ್ತದೆ. ಅರಬ್ಬಿ ಸಮುದ್ರ ಮತ್ತು ಬಂಗಾಳ ಕೊಲ್ಲಿ, ಎರಡೂ ಕಡೆಯಿಂದ ಬಂದ ತೇವ ಅದಕ್ಕೆ ಸೇರುತ್ತದೆ. ಇದೇ ತಿಂಗಳುಗಳಲ್ಲಿ ವಿದರ್ಭದ ಕಡೆಯಿಂದ ನಮ್ಮ ಒಳನಾಡಿನ ಮೇಲೆ ಹಾದು ದಕ್ಷಿಣಕ್ಕೆ ಚಾಚುವ ಕಡಿಮೆ ಒತ್ತಡದ ಪಟ್ಟಿಯೊಂದು ಆಗಾಗ ಏರ್ಪಡುತ್ತದೆ. ಮೋಡ ಬೆಳೆಯಲು ಅದೇ ಹಾದಿ. ಮಧ್ಯಾಹ್ನ ದಾಟುವ ಹೊತ್ತಿಗೆ ಮೋಡ ಹತ್ತು ಕಿಲೋಮೀಟರಿಗೂ ಮೇಲೆ ಏರಿರುತ್ತದೆ. ಅಲ್ಲಿ ಹಿಮದ ಕಣಗಳು ಒಂದಕ್ಕೊಂದು ತಾಗಿ ವಿದ್ಯುತ್ತು ಹುಟ್ಟುತ್ತದೆ, ಆಲಿಕಲ್ಲೂ ಅಲ್ಲೇ ಕಟ್ಟುತ್ತದೆ. ಸುರಿಯುವ ಹನಿಗಳಲ್ಲಿ ಒಂದಷ್ಟು ದಾರಿಯಲ್ಲೇ ಆವಿಯಾಗಿ ಸುತ್ತಲಿನ ಗಾಳಿಯನ್ನು ತಣಿಸುತ್ತವೆ. ಆ ಭಾರದ ಗಾಳಿ ನೆಲಕ್ಕೆ ಅಪ್ಪಳಿಸಿ ಎಲ್ಲ ಕಡೆಗೂ ಹರಡುತ್ತದೆ. ಸೆಕೆಯ ನಡುವೆ ಥಟ್ಟನೆ ತಂಪಾಯಿತೆಂದರೆ ಹಿತವೆಂದು ನಿಲ್ಲಬೇಡಿ, ಒಳಗೆ ನಡೆಯಿರಿ.

ಇನ್ನು ಹವಾಮಾನ ಇಲಾಖೆಯ ಭಾಷೆ. ಅದರಲ್ಲಿ ಒಂದು ಲೆಕ್ಕವಿದೆ, ನಾವು ಕಿವಿಗೊಡುವುದಿಲ್ಲ ಅಷ್ಟೆ. "ಒಂದೆರಡು ಕಡೆ" ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ಶೇ. 25ರಷ್ಟರಲ್ಲಿ ಮಳೆ. "ಕೆಲವು ಕಡೆ" ಎಂದರೆ ಶೇ. 50ರವರೆಗೆ, "ಹಲವು ಕಡೆ" ಎಂದರೆ ಶೇ. 75ರವರೆಗೆ. ಬೇಸಿಗೆಯಲ್ಲಿ ನಾವು ಹೆಚ್ಚಾಗಿ ಕೇಳುವುದು ಮೊದಲನೆಯದನ್ನೇ. ಬೆಂಗಳೂರಿನ ಯಲಹಂಕದಲ್ಲಿ ರಸ್ತೆ ಹೊಳೆಯಾಗಿ, ಜಯನಗರದಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದರೆ ಮುನ್ಸೂಚನೆ ಸುಳ್ಳಾಯಿತು ಎನ್ನುವಂತಿಲ್ಲ.

ರಜೆಗೆ ಹೊರಟವರು ಇದನ್ನೇ ಹಿಡಿದು ಹೊತ್ತು ಹೊಂದಿಸಿಕೊಳ್ಳಬಹುದು. ಹಂಪಿಯಲ್ಲಿ ಮಳೆಗಿಂತ ಬಿಸಿಲೇ ದೊಡ್ಡ ಸಮಸ್ಯೆ. ಬೆಳಗ್ಗೆ ಹತ್ತರೊಳಗೆ ನೋಡಿ ಮುಗಿಸಿ. ರಾಯಚೂರು, ಕಲಬುರಗಿಯ ಕಡೆ ಉಷ್ಣಾಂಶ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಕರಾವಳಿಯಲ್ಲಿ ಉಷ್ಣಾಂಶ ಅಷ್ಟು ಏರದಿದ್ದರೂ ಬೆವರು ಬಿಡುವುದಿಲ್ಲ. ಮುಳ್ಳಯ್ಯನಗಿರಿಯ ವಿಚಾರವನ್ನು ಮಾತ್ರ ಒತ್ತಿ ಹೇಳುತ್ತೇನೆ. 1,930 ಮೀಟರ್ ಎತ್ತರದ ಬೋಳು ಬೆಟ್ಟ ಅದು, ಅಲ್ಲಿ ಮರವಿಲ್ಲ. ಏಣಿನ ಮೇಲೆ ನಿಂತರೆ ಎಲ್ಲಕ್ಕಿಂತ ಎತ್ತರದ ವಸ್ತು ನೀವೇ. ಮಧ್ಯಾಹ್ನ ಒಂದರೊಳಗೆ ಇಳಿದು ಬಂದಿರಬೇಕು.

ಸಿಡಿಲಿನ ಮಾತು ಬಂತು. ನಮ್ಮಲ್ಲಿ ಸಿಡಿಲಿಗೆ ಸಿಕ್ಕುವವರಲ್ಲಿ ಹೊಲದಲ್ಲಿರುವವರು, ಕುರಿ ದನ ಕಾಯುವವರು ಬಹಳ. ಮಳೆ ಶುರುವಾದೊಡನೆ ಮರದಡಿಗೆ ಓಡುತ್ತಾರೆ, ಮರಕ್ಕೇ ಸಿಡಿಲು ಬಡಿಯುತ್ತದೆ. ಅಜ್ಜಿಯ ತೋಟದಲ್ಲಿ ಹಾಗೆ ಸುಟ್ಟ ತೆಂಗೊಂದಿತ್ತು; ಸುಳಿ ಕರಕಾಗಿ ಉದುರಿ, ಬರೀ ಕಂಬವಾಗಿ ವರ್ಷಗಟ್ಟಲೆ ನಿಂತಿತ್ತು. ಮಿಂಚು ಕಂಡ ಮೇಲೆ ಎಣಿಸಿ: ಗುಡುಗು ಕೇಳಲು ಮೂರು ಸೆಕೆಂಡಾದರೆ ಒಂದು ಕಿಲೋಮೀಟರ್ ದೂರ. ಮೂವತ್ತರೊಳಗೆ ಕೇಳಿಸಿದರೆ ಗಟ್ಟಿ ಮನೆಯೊಳಗೋ ಮುಚ್ಚಿದ ಕಾರಿನೊಳಗೋ ಸೇರಿಕೊಳ್ಳಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರ ಸಿಡಿಲಿನ ಎಚ್ಚರಿಕೆ ಕೊಡುವ 'ದಾಮಿನಿ' ಎಂಬ ಮೊಬೈಲ್ ಆ್ಯಪ್ ಕನ್ನಡಿಗರಿಗೂ ಉಪಯುಕ್ತ. ಮೊಬೈಲ್ ಇಲ್ಲದ ಕುರಿಗಾಹಿಗೆ ಎಣಿಕೆಯೇ ಸಾಕು.

ಇಷ್ಟೆಲ್ಲ ಹೆದರಿಸಿದರೂ ಈ ಮಳೆ ಬೇಕೇ ಬೇಕು. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಎಂದು ರೈತರು ಏಪ್ರಿಲ್ ಕೊನೆಯ ಈ ಮಳೆಗೆ ಕಾಯುತ್ತಾರೆ. ಕೊಡಗಿನ ಕಾಫಿ ಬೆಳೆಗಾರರಿಗೆ ಅದಕ್ಕೂ ಮೊದಲೇ ಒಂದಿಂಚು ಹೂಮಳೆ ಬಿದ್ದರೆ ವಾರ, ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ಶ್ರೀನಿವಾಸಪುರದ ಮಾವಿನವರು ಮಾತ್ರ ಆಲಿಕಲ್ಲಿನ ಹೆಸರು ಕೇಳಿದರೆ ಮುಖ ತಿರುಗಿಸುತ್ತಾರೆ.

ಗಡಿಯಾರದ ಲೆಕ್ಕ ತಪ್ಪುವ ಸಂದರ್ಭ ಎರಡು. ಸಮುದ್ರದಲ್ಲಿ ಚಂಡಮಾರುತ ಎದ್ದರೆ, 2021ರ ಮೇ ತಿಂಗಳಿನ 'ತೌಕ್ತೆ'ಯಂತೆ, ಹಗಲು ರಾತ್ರಿ ಎನ್ನದೆ ಸುರಿಯುತ್ತದೆ. ಇನ್ನೊಂದು ಮುಂಗಾರು. ಅದು ಕೇರಳಕ್ಕೆ ಬರುವ ವಾಡಿಕೆಯ ದಿನ ಜೂನ್ 1. ಆದರೆ 2025ರಲ್ಲಿ ಮೇ 24ಕ್ಕೇ ಬಂದುಬಿಟ್ಟಿತು. ಕರಾವಳಿಯ ಯಕ್ಷಗಾನ ಮೇಳಗಳು ತುಳು ಪಂಚಾಂಗದ ಪತ್ತನಾಜೆಯ ದಿನ ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವುದೂ ಹೆಚ್ಚು ಕಡಿಮೆ ಅದೇ ದಿನ. ಮಡಿಕೇರಿ, ಆಗುಂಬೆಗಳ ಪ್ರವಾಸವನ್ನು ಮೇ ಕೊನೆಯ ವಾರಕ್ಕೆ ತಳ್ಳಿದವರು ಕೊಡೆಯ ಜೊತೆಗೆ ಎರಡು ಜೊತೆ ಬಟ್ಟೆ ಹೆಚ್ಚಿಗೆ ಇಟ್ಟುಕೊಳ್ಳಿ. ಅಲ್ಲಿ ಒಗೆದದ್ದು ಒಣಗುವುದಿಲ್ಲ. ನಮಸ್ಕಾರ.