ನೀರು, ವಿದ್ಯುತ್ತು, ಅನ್ನ: ಒಂದೇ ಲೆಕ್ಕದ ಮೂರು ಪುಟಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಸಾವಿರ ಲೀಟರ್ ನೀರನ್ನು ನೂರು ಮೀಟರ್ ಆಳದಿಂದ ಮೇಲೆತ್ತಲು, ಭೌತಶಾಸ್ತ್ರದ ಲೆಕ್ಕದಂತೆ, ಸುಮಾರು 0.27 ಯೂನಿಟ್ ವಿದ್ಯುತ್ತು ಸಾಕು. ಪಂಪು, ಮೋಟಾರು ಮತ್ತು ಕೊಳವೆಗಳಲ್ಲಿ ಆಗುವ ನಷ್ಟವನ್ನು ಸೇರಿಸಿದರೆ ಅದು ಅರ್ಧ ಯೂನಿಟ್ಟಿನ ಹತ್ತಿರ ಬರುತ್ತದೆ. ಅಂತರ್ಜಲ ಇನ್ನೂರು ಮೀಟರಿಗೆ ಕುಸಿದರೆ ಅದೇ ನೀರಿಗೆ, ಅದೇ ಬೆಳೆಗೆ, ಇಮ್ಮಡಿ ವಿದ್ಯುತ್ತು ಬೇಕು. ಹೊಲಕ್ಕೆ ಹರಿದ ನೀರಿನ ಲೆಕ್ಕದಲ್ಲಿ ಈ ಬದಲಾವಣೆ ಕಾಣುವುದಿಲ್ಲ, ಕಣಜಕ್ಕೆ ಬಂದ ಧಾನ್ಯದ ಲೆಕ್ಕದಲ್ಲಿಯೂ ಕಾಣುವುದಿಲ್ಲ. ನೀರು, ವಿದ್ಯುತ್ತು, ಆಹಾರ ಈ ಮೂರಕ್ಕೂ ಬೇರೆ ಬೇರೆ ಇಲಾಖೆಗಳು, ಬೇರೆ ಬೇರೆ ಕಡತಗಳು ಇರುವಲ್ಲಿ ಒಬ್ಬರ ಉಳಿತಾಯ ಮತ್ತೊಬ್ಬರ ಖರ್ಚಾಗಿ ಕುಳಿತಿರುವುದು ಬಹುಕಾಲ ಯಾರ ಗಮನಕ್ಕೂ ಬರುವುದಿಲ್ಲ.

ಈ ಮೂರನ್ನು ಒಟ್ಟಿಗೆ ನೋಡಬೇಕೆಂಬ ಮಾತು ಅಂತರರಾಷ್ಟ್ರೀಯ ಚರ್ಚೆಯಲ್ಲಿ ಬಲ ಪಡೆದದ್ದು 2011ರಲ್ಲಿ, ಜರ್ಮನಿಯ ಬಾನ್ ನಗರದಲ್ಲಿ ನಡೆದ ಸಮ್ಮೇಳನದ ಆಸುಪಾಸಿನಲ್ಲಿ. ನದಿ, ಕೆರೆ ಮತ್ತು ಅಂತರ್ಜಲದಿಂದ ಮನುಷ್ಯರು ತೆಗೆಯುವ ಸಿಹಿನೀರಿನಲ್ಲಿ ಸುಮಾರು ಶೇಕಡ 70 ಕೃಷಿಗೆ ಹೋಗುತ್ತದೆ. ಗೊಬ್ಬರದ ತಯಾರಿಕೆಯಿಂದ ಹಿಡಿದು ಅಡುಗೆಯ ಒಲೆಯವರೆಗೆ ಆಹಾರಕ್ಕೆ ತಗಲುವ ಇಂಧನವನ್ನೆಲ್ಲ ಕೂಡಿಸಿದರೆ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಂದಾಜಿನಂತೆ, ಅದು ಜಗತ್ತಿನ ಒಟ್ಟು ಬಳಕೆಯ ಸುಮಾರು ಶೇಕಡ 30ರಷ್ಟಾಗುತ್ತದೆ. ಇಂಧನಕ್ಕೂ ನೀರಿನ ಹಂಗು ತಪ್ಪಿದ್ದಲ್ಲ. 2003ರ ಬೇಸಿಗೆಯಲ್ಲಿ ಯುರೋಪಿನ ಮೇಲೆ ಬಿಸಿಗಾಳಿ ಬೀಸಿದಾಗ, ನದಿಗಳ ನೀರು ಕಾದು ಹರಿವು ತಗ್ಗಿದ್ದರಿಂದ, ಫ್ರಾನ್ಸಿನ ಕೆಲವು ಪರಮಾಣು ವಿದ್ಯುತ್ ಸ್ಥಾವರಗಳು ಉತ್ಪಾದನೆಯನ್ನು ಇಳಿಸಬೇಕಾಯಿತು. ಸ್ಥಾವರದಲ್ಲಿ ಇಂಧನವಿತ್ತು, ಯಂತ್ರಗಳೂ ಸರಿಯಾಗಿದ್ದವು. ಅವನ್ನು ತಂಪಾಗಿಡುವ ನೀರು ಮಾತ್ರ ತಂಪಾಗಿರಲಿಲ್ಲ.

ಮೂರರ ನಂಟು ಕಡಿದುಹೋದರೆ ಏನಾಗುತ್ತದೆಂಬುದಕ್ಕೆ ಮಧ್ಯ ಏಷ್ಯಾದ ಸಿರ್ ದರಿಯಾ ನದಿಯಷ್ಟು ಸ್ಪಷ್ಟವಾದ ಉದಾಹರಣೆ ನನಗೆ ಬೇರೆ ತೋರುವುದಿಲ್ಲ. ಅದರ ಉಪನದಿ ನಾರಿನ್‌ಗೆ ಕಿರ್ಗಿಸ್ತಾನದಲ್ಲಿ ಟೊಕ್ಟೊಗುಲ್ ಎಂಬ ದೊಡ್ಡ ಜಲಾಶಯವಿದೆ. ಸೋವಿಯತ್ ಕಾಲದಲ್ಲಿ ಬೇಸಿಗೆಯಲ್ಲಿ ಅಲ್ಲಿಂದ ನೀರು ಬಿಡುತ್ತಿದ್ದರು. ಅದು ಕೆಳಗಿನ ಉಜ್ಬೇಕಿಸ್ತಾನ ಮತ್ತು ಕಜಾಕಿಸ್ತಾನಗಳ ಹತ್ತಿ ಹೊಲಗಳಿಗೆ ಹರಿಯುತ್ತಿತ್ತು. ಪ್ರತಿಯಾಗಿ ಚಳಿಗಾಲದಲ್ಲಿ ಕೆಳಗಿನಿಂದ ಕಲ್ಲಿದ್ದಲು ಮತ್ತು ಅನಿಲ ಮೇಲಕ್ಕೆ ಬರುತ್ತಿದ್ದವು. 1991ರಲ್ಲಿ ಒಕ್ಕೂಟ ಒಡೆದ ಮೇಲೆ ಇಂಧನಕ್ಕೆ ಮಾರುಕಟ್ಟೆಯ ಬೆಲೆ ಬಂತು, ನೀರಿಗೆ ಬರಲಿಲ್ಲ. ಬೆಚ್ಚಗಿರಲು ವಿದ್ಯುತ್ತು ಬೇಕಾದ ಕಿರ್ಗಿಸ್ತಾನವು ಚಳಿಗಾಲದಲ್ಲೇ ನೀರು ಬಿಟ್ಟು ಟರ್ಬೈನು ತಿರುಗಿಸತೊಡಗಿತು. ಕೆಳಗಿನವರಿಗೆ ಬೇಡದ ಚಳಿಗಾಲದಲ್ಲಿ ನೆರೆ, ಬೇಕಾದ ಬೇಸಿಗೆಯಲ್ಲಿ ಕೊರತೆ. 1998ರಲ್ಲಿ ನೀರಿಗೆ ಇಂಧನವನ್ನು ಹೊಂದಿಸುವ ಒಪ್ಪಂದವೇನೋ ಆಯಿತು, ಆದರೆ ಅದು ಗಟ್ಟಿಯಾಗಿ ನಿಲ್ಲಲಿಲ್ಲ. ಇಲ್ಲಿ ಯಾರನ್ನೂ ದುರಾಸೆಯವರೆಂದು ದೂರಲಾಗದು. ತಮ್ಮ ತಮ್ಮ ಪುಟದಲ್ಲಿ ಎಲ್ಲರ ಲೆಕ್ಕವೂ ಸರಿಯಾಗಿಯೇ ಇತ್ತು.

ಒಂದು ತೊಡಕನ್ನು ಬಿಡಿಸಿದ ಸಾಧನವೇ ಇನ್ನೊಂದನ್ನು ಹೆಣೆಯುವುದೂ ಉಂಟು. ಹನಿ ನೀರಾವರಿ ಬಂದ ಮೇಲೆ ಉಳಿದ ನೀರು ನೆಲದಲ್ಲಿಯೇ ಉಳಿಯುತ್ತದೆಂದು ಭಾವಿಸುವುದು ಸಹಜವಾದರೂ, ಅನೇಕ ಕಡೆ ಅದೇ ನೀರಿನಿಂದ ಇನ್ನಷ್ಟು ಭೂಮಿ ಸಾಗುವಳಿಗೆ ಬರುತ್ತದೆ. ಸೌರ ಪಂಪಿನ ವಿಷಯದಲ್ಲಿ ಈ ಅಪಾಯ ಇನ್ನೂ ಹೆಚ್ಚು. ಡೀಸೆಲ್ ಸುಡುವ ರೈತನಿಗೆ ಪ್ರತಿ ಗಂಟೆಯೂ ಖರ್ಚಿನ ನೆನಪಿರುತ್ತದೆ, ಬಿಸಿಲಿಗೆ ಮಾತ್ರ ಬಿಲ್ಲು ಬರುವುದಿಲ್ಲ. ಹೊಗೆ ನಿಂತಿತೆಂದು ಇಂಧನ ಇಲಾಖೆ ಸಂತೋಷಪಡುತ್ತಿರುವಾಗಲೇ ಬಾವಿಯ ನೀರು ಮತ್ತಷ್ಟು ಕೆಳಗಿಳಿಯಬಹುದು.

ಆದ್ದರಿಂದ ಸೌರ ಪಂಪನ್ನು ವಿದ್ಯುತ್ ಜಾಲಕ್ಕೆ ಜೋಡಿಸಿ, ರೈತನು ನೀರೆತ್ತಲು ಬಳಸದೆ ಉಳಿಸಿದ ವಿದ್ಯುತ್ತನ್ನು ಅವನಿಂದಲೇ ಕೊಳ್ಳುವ ವ್ಯವಸ್ಥೆ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಅಲ್ಲಿ ಪಂಪು ನಿಂತಿರುವ ಹೊತ್ತಿಗೂ ಒಂದು ಬೆಲೆಯಿರುತ್ತದೆ. ಆ ಬೆಲೆ ಎಷ್ಟಿರಬೇಕೆಂಬುದು ಮಾತ್ರ ಸೂಕ್ಷ್ಮವಾದ ಪ್ರಶ್ನೆ. ತೀರ ಕಡಿಮೆಯಾದರೆ, ಪಕ್ಕದ ಹೊಲದವರಿಗೆ ನೀರು ಮಾರುವುದೇ ಲಾಭವೆನಿಸಿ ಪಂಪು ದಿನವಿಡೀ ಓಡುತ್ತದೆ. ತೀರ ಹೆಚ್ಚಾದರೆ, ಬೆಳೆಯನ್ನೇ ಬಿಟ್ಟು ಬಿಸಿಲನ್ನು ಮಾರುವುದು ಲೇಸೆಂದು ತೋರಬಹುದು. ಈ ದರವನ್ನು ವಿದ್ಯುತ್ ಕಂಪನಿಯೊಂದೇ ಗೊತ್ತುಮಾಡುವಂತಿಲ್ಲ. ಬಾವಿಯ ಮಟ್ಟ ಅಳೆಯುವವರೂ ಬೆಳೆಯ ಲೆಕ್ಕ ಇಡುವವರೂ ಅದೇ ಮೇಜಿನ ಸುತ್ತ ಕೂರಬೇಕಾಗುತ್ತದೆ.

ನಮಸ್ಕಾರ.