ಅಮೆರಿಕದ ಟಿವಿ ಕೈಬಿಟ್ಟ ಸ್ಕೇಟಿಂಗ್

ಈಗ ನೀವು ನೋಡುತ್ತಿರುವುದು ನೆದರ್‌ಲ್ಯಾಂಡ್ಸ್‌ನ ಐಂಧೋವನ್. ಈ ಏರಿಯಾದ ಹೆಸರು ಸ್ಟ್ರೈಪ್-ಎಸ್. ಹಿಂದೆ ಇಲ್ಲೆಲ್ಲ ಫಿಲಿಪ್ಸ್ ಫ್ಯಾಕ್ಟರಿಗಳಿದ್ದವು. ಈಗ ಕೆಫೆ, ಸ್ಟುಡಿಯೋ, ಮನೆಗಳು, ಜೊತೆಗೆ ಏರಿಯಾ 51 ಅನ್ನುವ ಒಳಾಂಗಣ ಸ್ಕೇಟ್‌ಪಾರ್ಕ್. ಈ ಊರಿನಲ್ಲಿ ಕನ್ನಡದವರು ಬೇಕಾದಷ್ಟು ಜನ ಇದ್ದೇವೆ. ಎಲ್ಲ ಇಂಜಿನಿಯರ್ ಕೆಲಸಕ್ಕೆ ಬಂದವರೇ. ಆದರೆ ನಮ್ಮೂರಲ್ಲೇ ನಡೆಯುವ ವಿಂಟರ್‌ಕ್ಲ್ಯಾಶ್ ಬಗ್ಗೆ ಆಫೀಸಿನಲ್ಲಿ ಕೇಳಿದರೆ ಯಾರಿಗೂ ಗೊತ್ತಿಲ್ಲ.

ಗೊತ್ತಿರಬೇಕು ಅಂತ ನಾನೂ ಹೇಳುವುದಿಲ್ಲ. ಇದು ಅಗ್ರೆಸಿವ್ ಇನ್‌ಲೈನ್ ಸ್ಕೇಟಿಂಗ್‌ನ ದೊಡ್ಡ ಕೂಟಗಳಲ್ಲಿ ಒಂದು. ಚಕ್ರಗಳು ಒಂದೇ ಸಾಲಿನಲ್ಲಿರುವ ಸ್ಕೇಟ್ ಹಾಕಿಕೊಂಡು ಕಂಬಿ ಮೇಲೆ ಜಾರುವುದು, ರ‍್ಯಾಂಪ್ ಹತ್ತಿ ಗಾಳಿಯಲ್ಲಿ ತಿರುಗುವುದು. ಒಳಗೆ ಸದ್ದು ಎಷ್ಟಿದೆ ಅಂದರೆ ಈ ನಿರೂಪಣೆಯನ್ನು ಮನೆಗೆ ಹೋಗಿ ರೆಕಾರ್ಡ್ ಮಾಡಬೇಕಾಯಿತು. ಈ ಆಟ ಒಂದು ಕಾಲದಲ್ಲಿ ಅಮೆರಿಕದ ದೊಡ್ಡ ಕ್ರೀಡಾ ಚಾನೆಲ್‌ನಲ್ಲಿ ಬರುತ್ತಿತ್ತು ಅಂದರೆ ನಂಬುತ್ತೀರಾ?

1995ರಲ್ಲಿ ಇಎಸ್‌ಪಿಎನ್ ಮೊದಲ ಬಾರಿಗೆ ಎಕ್ಸ್‌ಟ್ರೀಮ್ ಗೇಮ್ಸ್ ನಡೆಸಿತು. ಮುಖ್ಯವಾಗಿ ರೋಡ್ ಐಲ್ಯಾಂಡ್ ರಾಜ್ಯದಲ್ಲಿ. ಮರುವರ್ಷದಿಂದ ಅದೇ ಎಕ್ಸ್ ಗೇಮ್ಸ್ ಆಯಿತು. ಮೊದಲ ವರ್ಷದ ಪಟ್ಟಿಯಲ್ಲಿ ಬಂಜಿ ಜಂಪಿಂಗ್ ಇತ್ತು, ವಿಮಾನದಿಂದ ಹಾರಿ ಹಲಗೆ ಮೇಲೆ ತೇಲುವ ಸ್ಕೈ ಸರ್ಫಿಂಗ್ ಇತ್ತು. ಬರಬರುತ್ತಾ ಅವೆಲ್ಲ ಉದುರಿಹೋದವು. ಅದು ಸಹಜ ಬಿಡಿ, ಬಂಜಿಗೆ ಅಂಕ ಕೊಡುವುದಾದರೂ ಹೇಗೆ? ಆದರೆ ಇನ್‌ಲೈನ್ ಹಾಗಲ್ಲ. ಅಂಗಡಿಗಳಲ್ಲಿ ಸ್ಕೇಟ್ ಭರ್ಜರಿಯಾಗಿ ಮಾರಾಟವಾಗುತ್ತಿದ್ದ ಕಾಲ ಅದು. ಸ್ಕೇಟ್‌ಬೋರ್ಡ್, ಬಿಎಮ್‌ಎಕ್ಸ್ ಸೈಕಲ್ ಜೊತೆ ಇನ್‌ಲೈನ್ ಕೂಡ ಈ ಕೂಟದ ಮುಖ್ಯ ಆಟ.

ಈಗ ಒಂದು ಪಟ್ಟಿ ಓದುತ್ತೇನೆ, ಸುಮ್ನೆ ಕೇಳಿ. ವರ್ಟ್ ಅಂದರೆ ಎರಡೂ ಕಡೆ ನೆಟ್ಟಗೆ ಏರುವ ದೊಡ್ಡ ರ‍್ಯಾಂಪ್. ಅದರಲ್ಲಿ ಪುರುಷರ ಚಿನ್ನ ಗೆದ್ದವರು ಇವರು. 1995ರಲ್ಲಿ ಟಾಮ್ ಫ್ರೈ, ಆಸ್ಟ್ರೇಲಿಯಾ. 1996ರಲ್ಲಿ ರೆನೆ ಹುಲ್‌ಗ್ರೀನ್, ಡೆನ್ಮಾರ್ಕ್. ಆಮೇಲೆ ಟಿಮ್ ವಾರ್ಡ್, ಸೀಸರ್ ಮೋರಾ, ಇಬ್ಬರೂ ಆಸ್ಟ್ರೇಲಿಯಾ. 1999 ಮತ್ತು 2000ದಲ್ಲಿ ಜಪಾನಿನ ಐತೋ ಯಾಸುತೊಕೊ. 2001ರಲ್ಲಿ ಫ್ರಾನ್ಸ್‌ನ ತೈಗ್ ಕ್ರಿಸ್. 2002ರಲ್ಲಿ ಐತೋ ತಮ್ಮ ತಕೇಶಿ, 2003ರಲ್ಲಿ ಮತ್ತೆ ಅಣ್ಣ, 2004ರಲ್ಲಿ ಮತ್ತೆ ತಮ್ಮ.

ಅಲ್ಲಿಗೆ ಪಟ್ಟಿ ಮುಗಿಯಿತು. 2005ರ ಎಕ್ಸ್ ಗೇಮ್ಸ್‌ನಲ್ಲಿ ಇನ್‌ಲೈನ್ ಇರಲಿಲ್ಲ.

ಪಟ್ಟಿಯಲ್ಲಿ ಯಾರಿಲ್ಲ ಅಂತ ಗಮನಿಸಿದಿರಾ? ಒಬ್ಬ ಅಮೆರಿಕನ್ ಕೂಡ ಇಲ್ಲ. ಅಮೆರಿಕದ ಚಾನೆಲ್, ಅಮೆರಿಕದ ಜಾಹೀರಾತು, ನೋಡುವವರೂ ಹೆಚ್ಚಾಗಿ ಅಮೆರಿಕದವರೇ. ಆದರೆ ಕ್ಯಾಮೆರಾ ಜಾಸ್ತಿ ಇಷ್ಟಪಡುತ್ತಿದ್ದ ರ‍್ಯಾಂಪ್‌ನಲ್ಲಿ ಹತ್ತು ವರ್ಷ ಹೊರಗಿನವರದ್ದೇ ಗೆಲುವು. ಬೀದಿಯ ಹಾಗೆ ಕಂಬಿ, ಮೆಟ್ಟಿಲು ಇಟ್ಟು ಆಡಿಸುವ ಸ್ಟ್ರೀಟ್ ವಿಭಾಗದಲ್ಲಿ ಅಮೆರಿಕದವರಿಗೂ ಚಿನ್ನ ಬಂತು: ಆರ್ಲೋ ಐಸನ್‌ಬರ್ಗ್, ಏರನ್ ಫೈನ್‌ಬರ್ಗ್, ಜ್ಯಾರನ್ ಗ್ರೋಬ್. ಅಲ್ಲೂ 2000ದಲ್ಲಿ ಗೆದ್ದವರು ಸ್ವೆನ್ ಬುಕ್‌ಹೋರ್ಸ್ಟ್, ಇದೇ ನೆದರ್‌ಲ್ಯಾಂಡ್ಸ್‌ನವರು.

ಇನ್‌ಲೈನ್ ಯಾಕೆ ಹೊರಗೆ ಹೋಯಿತು ಅಂದರೆ ಎಲ್ಲರೂ ಹೇಳುವುದು ಒಂದೇ, ‘ಅದು ಸುಲಭ, ಚಂದ ಕಾಣಲ್ಲ.’ ನನಗೆ ಅದು ಅರ್ಧ ಸತ್ಯ ಅನಿಸುತ್ತದೆ. ತಾರೆಗಳಿದ್ದರು. ಅವರು ಆ ಟಿವಿಗೆ ಬೇಕಾದ ತಾರೆಗಳಾಗಿರಲಿಲ್ಲ, ಅಷ್ಟೇ.

ಉದಾಹರಣೆಗೆ ಬ್ರೆಜಿಲ್‌ನ ಫ್ಯಾಬಿಯೋಲಾ ಡ ಸಿಲ್ವಾ ಅವರನ್ನೇ ನೋಡಿ. ಸಾವೊ ಪಾಲೊ ಊರಿನ ಹುಡುಗಿ. 1996ರಲ್ಲಿ ಎಕ್ಸ್ ಗೇಮ್ಸ್‌ನಲ್ಲಿ ಮೊದಲ ಚಿನ್ನ ಗೆದ್ದಾಗ ಇನ್ನೂ ಹದಿಹರೆಯ. ಒಟ್ಟು ಏಳು ಚಿನ್ನ. ಮಹಿಳೆಯರ ವರ್ಟ್‌ನಲ್ಲಿ ಅವರಿಗೆ ಎದುರಾಳಿಗಳೇ ಕಡಿಮೆಯಾದರು. ಆಗ, 2000ದಲ್ಲಿ, ಅಗ್ರೆಸಿವ್ ಸ್ಕೇಟರ್ಸ್ ಅಸೋಸಿಯೇಷನ್ ಪುರುಷರ ವರ್ಟ್ ಸ್ಪರ್ಧೆಯನ್ನು ಮಹಿಳೆಯರಿಗೂ ತೆರೆಯಿತು. ಅದಕ್ಕೆ ಬಿದ್ದ ಹೆಸರು ‘ಫ್ಯಾಬಿಯೋಲಾ ರೂಲ್’. ಗಂಡಸರ ನಡುವೆ ನಿಂತು ಅವರು ಮೊದಲ ಹತ್ತರೊಳಗೆ ಬರುತ್ತಿದ್ದರು. 2005ರಲ್ಲಿ ವರ್ಟ್ ರ‍್ಯಾಂಪ್ ಮೇಲೆ ಡಬಲ್ ಬ್ಯಾಕ್‌ಫ್ಲಿಪ್, ಅಂದರೆ ಗಾಳಿಯಲ್ಲಿ ಹಿಂದಕ್ಕೆ ಎರಡು ಲಾಗ, ಹೊಡೆದ ಮೊದಲ ಮಹಿಳೆಯಾದರು. ಅದೇ ವರ್ಷ ಎಕ್ಸ್ ಗೇಮ್ಸ್ ಅವರ ಆಟಕ್ಕೆ ಬಾಗಿಲು ಹಾಕಿತ್ತು. ಇಂಥ ಕಥೆ ಕೈಯಲ್ಲಿದ್ದರೂ ಬಳಸಿಕೊಳ್ಳದ ಟಿವಿಯವರಿಗೆ ಏನು ಹೇಳುವುದು!

ಇನ್ನು ‘ಸುಲಭ’ ಅನ್ನುವ ಮಾತು. ಇದರಲ್ಲಿ ಹುರುಳಿಲ್ಲ ಅಂತಲ್ಲ. ಸ್ಕೇಟ್ ಕಾಲಿಗೆ ಕಟ್ಟಿರುತ್ತದೆ, ಹಾಗಾಗಿ ತಿರುಗುವುದು ಸಲೀಸು. 1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಟೋನಿ ಹಾಕ್ ಸ್ಕೇಟ್‌ಬೋರ್ಡ್ ಮೇಲೆ 900 ಮಾಡಿದರು, ಅಂದರೆ ಗಾಳಿಯಲ್ಲಿ ಎರಡೂವರೆ ಸುತ್ತು. ಬಿದ್ದರು, ಎದ್ದರು, ಮತ್ತೆ ಬಿದ್ದರು. ಸ್ಪರ್ಧೆಯ ಸಮಯ ಮುಗಿದ ಮೇಲೂ ಬಿಡಲಿಲ್ಲ. ಕೊನೆಗೆ ಕಾಲೂರಿದಾಗ ಇಡೀ ಜಾಗ ಕೂಗಿತು. ಆ ಹೊತ್ತಿಗೆ ಇನ್‌ಲೈನ್‌ನಲ್ಲಿ 900 ಮಾಮೂಲಿ. ಯಾಸುತೊಕೊ ಅಣ್ಣತಮ್ಮಂದಿರು ಅದಕ್ಕಿಂತ ಜಾಸ್ತಿ ಸುತ್ತು ಸುತ್ತಿ ಇಳಿಯುತ್ತಿದ್ದರು. ಎಡವದೆ ಮಾಡಿದ್ದರಿಂದಲೇ ನೋಡುವವರಿಗೆ ಬೆಲೆ ತಿಳಿಯಲಿಲ್ಲ. ಟಿವಿಗೆ ಬೇಕಿದ್ದದ್ದು ಒದ್ದಾಟ. ಹಾಕ್ ಹೆಸರಿನ ವಿಡಿಯೋ ಗೇಮ್ ಕೂಡ ಅದೇ ವರ್ಷ ಬಂದು ಮನೆಮನೆಗೆ ಹೋಯಿತು.

ಇನ್ನೊಂದು ಮಾತು ಯಾರೂ ಹೇಳುವುದಿಲ್ಲ. ಸ್ಕೇಟ್‌ಬೋರ್ಡ್‌ನಲ್ಲಿ ಲೆಕ್ಕ ತಪ್ಪಿತು ಅಂತ ಗಾಳಿಯಲ್ಲೇ ಗೊತ್ತಾದರೆ ಹಲಗೆಯನ್ನು ಒದ್ದು ಮಂಡಿಯ ಪ್ಯಾಡ್ ಮೇಲೆ ಜಾರಿಬಿಡಬಹುದು. ಇಲ್ಲಿ ಒದ್ದು ಬಿಡಲು ಏನಿದೆ? ಚಕ್ರದ ಸಮೇತ ಬೀಳಬೇಕು. ಈಗ ಸ್ಕ್ರೀನ್ ಮೇಲೆ ನೀಲಿ ಟೀಶರ್ಟ್‌ನವನು ಬೀಳುವುದನ್ನು ನೋಡಿ. ಅವನಿಗೇನೂ ಆಗಲಿಲ್ಲ, ಆಮೇಲೆ ಮಾತಾಡಿಸಿದೆ.

ಹಣದ ಕಥೆ ಬೇರೆಯೇ. ಇನ್‌ಲೈನ್ ಸ್ಕೇಟ್‌ಗೆ ಹೆಸರು ತಂದ ರೋಲರ್‌ಬ್ಲೇಡ್ ಕಂಪನಿ ಹುಟ್ಟಿದ್ದು ಮಿನಿಯಾಪೊಲಿಸ್‌ನಲ್ಲಿ, 1980ರ ಸುಮಾರಿಗೆ. ಐಸ್ ಹಾಕಿ ಆಡುತ್ತಿದ್ದ ಸ್ಕಾಟ್ ಓಲ್ಸನ್ ಮತ್ತು ಅವರ ತಮ್ಮ ಐಸ್ ಇಲ್ಲದ ದಿನಗಳ ಪ್ರಾಕ್ಟೀಸ್‌ಗೆ ಅಂತ ಶುರು ಮಾಡಿದ್ದು. ಆಮೇಲೆ ಅದು ಪಾರ್ಕಿನಲ್ಲಿ ವ್ಯಾಯಾಮ ಮಾಡುವವರ, ಮಕ್ಕಳ ವಸ್ತುವಾಯಿತು. ಹಣ ಬಂದದ್ದು ಆ ದಾರಿಯಲ್ಲಿ. ಜನರಿಗೆ ಆ ಹುಚ್ಚು ಇಳಿದ ಕೂಡಲೇ ಕಂಪನಿಗಳ ಜಾಹೀರಾತೂ ಇಳಿಯಿತು. ಸ್ಕೇಟ್‌ಬೋರ್ಡ್‌ನವರಿಗೆ ಮೊದಲಿಂದಲೂ ತಮ್ಮದೇ ಪತ್ರಿಕೆ, ತಮ್ಮದೇ ಬ್ರ್ಯಾಂಡ್ ಇತ್ತು. ಆಟ ಬಿಟ್ಟವರೇ ಅಂಗಡಿ ಇಟ್ಟಿದ್ದರು. ಅವರ ಪಾರ್ಕುಗಳಲ್ಲಿ ಇನ್‌ಲೈನ್ ಹುಡುಗರನ್ನು ಗೇಲಿ ಮಾಡುವುದೂ ವಾಡಿಕೆ, ಬಾಯಿಗೆ ಬಂದಂತೆ ಹೆಸರಿಟ್ಟು ಕರೆಯುತ್ತಿದ್ದರು. ಹದಿನೈದು ವರ್ಷದ ಹುಡುಗನಿಗೆ ಆಟ ಬಿಡಲು ಅಷ್ಟೇ ಸಾಕು, ಅಲ್ವಾ?

ನನಗೆ ಜಾಸ್ತಿ ಕಾಡುವುದು ಮಿನಿಯಾಪೊಲಿಸ್. 2017ರಿಂದ 2019ರವರೆಗೆ ಬೇಸಿಗೆಯ ಎಕ್ಸ್ ಗೇಮ್ಸ್ ನಡೆದದ್ದು ಅದೇ ಊರಿನ ಯು.ಎಸ್. ಬ್ಯಾಂಕ್ ಸ್ಟೇಡಿಯಂನಲ್ಲಿ. ಚಳಿಗಾಲದಲ್ಲಿ ಅದೇ ಸ್ಟೇಡಿಯಂ ತನ್ನ ಓಡಾಟದ ಹಜಾರಗಳನ್ನು ಊರಿನ ಜನರ ಇನ್‌ಲೈನ್ ಸ್ಕೇಟಿಂಗ್‌ಗೆ ತೆರೆದುಕೊಡುತ್ತಿತ್ತು. ಎಕ್ಸ್ ಗೇಮ್ಸ್ ಬಂದಾಗ ಮಾತ್ರ ಇನ್‌ಲೈನ್‌ಗೆ ಜಾಗ ಇಲ್ಲ.

ಹಾಗಂತ ಆಟಗಾರರೇನೂ ಮನೆಯಲ್ಲಿ ಕೂರಲಿಲ್ಲ. ತೈಗ್ ಕ್ರಿಸ್ 2010ರಲ್ಲಿ ಐಫೆಲ್ ಟವರ್‌ನ ಮೊದಲ ಅಂತಸ್ತಿನಿಂದ ಸ್ಕೇಟ್ ಹಾಕಿಕೊಂಡು ಕೆಳಗಿನ ರ‍್ಯಾಂಪ್‌ಗೆ ಹಾರಿದರು. ಅಮೆರಿಕದ ಇನ್‌ಲೈನ್ ಆಟಗಾರ ಕ್ರಿಸ್ ಹ್ಯಾಫಿ, ನೈಟ್ರೋ ಸರ್ಕಸ್ ಅನ್ನುವ ಸಾಹಸ ಪ್ರದರ್ಶನದ ತಂಡ ಸೇರಿ ಊರೂರು ತಿರುಗಿದರು. ಫ್ರಾನ್ಸ್‌ನ ಮಾಂಪೆಲಿಯೆಯಲ್ಲಿ ನಡೆಯುವ ಫೀಸ್ ಕೂಟ ಇನ್‌ಲೈನ್ ಅನ್ನು ಕೈಬಿಡಲಿಲ್ಲ.

ಒಲಿಂಪಿಕ್ಸ್ ವಿಷಯದಲ್ಲಿ ಇನ್ನೊಂದು ತಮಾಷೆ. ಟೋಕಿಯೋದಲ್ಲಿ ಸ್ಕೇಟ್‌ಬೋರ್ಡ್ ಒಳಗೆ ಬಂತು. ಅದನ್ನು ನೋಡಿಕೊಳ್ಳುವ ಸಂಸ್ಥೆ ವರ್ಲ್ಡ್ ಸ್ಕೇಟ್, ಹಳೆಯ ರೋಲರ್ ಸ್ಕೇಟಿಂಗ್ ಒಕ್ಕೂಟವೂ ಸ್ಕೇಟ್‌ಬೋರ್ಡ್ ಒಕ್ಕೂಟವೂ 2017ರಲ್ಲಿ ಸೇರಿ ಆದದ್ದು. ರೋಲರ್‌ನವರ ಮನೆಗೆ ಬಂದ ಸ್ಕೇಟ್‌ಬೋರ್ಡ್ ಒಲಿಂಪಿಕ್ಸ್ ತಲುಪಿತು, ಇನ್‌ಲೈನ್ ಹೊರಗೇ ಉಳಿಯಿತು.

ಭಾರತದಲ್ಲಿ ಇನ್‌ಲೈನ್ ಅಂದರೆ ಹೆಚ್ಚಾಗಿ ಸ್ಪೀಡ್, ಅಂದರೆ ವೇಗದ ರೇಸ್. ಬೆಂಗಳೂರಿನ ರಿಂಕ್‌ಗಳಲ್ಲಿ ಅಪ್ಪ-ಅಮ್ಮ ನೀರಿನ ಬಾಟಲಿ ಹಿಡಿದು ನಿಂತಿರುವುದು ಆ ಕ್ಲಾಸ್‌ಗೇ. ಫಲವೂ ಇದೆ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಎರಡು ರಿಲೇ ಕಂಚು ಬಂದವು. 2025ರಲ್ಲಿ ಚೆನ್ನೈನ ಆನಂದಕುಮಾರ್ ವೇಲ್‌ಕುಮಾರ್ ವಿಶ್ವ ಚಾಂಪಿಯನ್‌ಶಿಪ್ ಚಿನ್ನ ಗೆದ್ದರು. ಕಂಬಿ ಮೇಲೆ ಜಾರುವ ಹುಚ್ಚು ಮಾತ್ರ ಅಲ್ಲಿ ತೀರಾ ಕಡಿಮೆ.

ಇಲ್ಲಿ ಅದೇ ಹುಚ್ಚು. ಈ ಸ್ಟಾಲ್‌ನಲ್ಲಿ ಸ್ಕೇಟ್ ಮಾರುತ್ತಿರುವವರೂ ಆಡುವವರೇ. ಮಧ್ಯದ ಎರಡು ಚಕ್ರ ಪುಟ್ಟದು, ಗಟ್ಟಿ, ಕಂಬಿ ಸಿಕ್ಕಿಕೊಳ್ಳಬಾರದು ಅಂತ. ಫ್ರೇಮ್ ಕೂರಿಸುವ ಅಳತೆ ಬೇರೆಬೇರೆ ಬ್ರ್ಯಾಂಡ್‌ಗೂ ಒಂದೇ, ಹಾಗಾಗಿ ಒಂದು ಕಂಪನಿ ಮುಚ್ಚಿದರೂ ಬಿಡಿಭಾಗ ಸಿಗುತ್ತದೆ. ಕಂಪನಿಗಳು ಮುಚ್ಚುವುದನ್ನು ನೋಡಿ ನೋಡಿ ಕಲಿತ ಜನ ಇವರು.

ಮಹಿಳೆಯರ ಫೈನಲ್ ಪೂರ್ತಿ ಶೂಟ್ ಮಾಡಿದ್ದೇನೆ. ಅದಕ್ಕೆ ನಿರೂಪಣೆ ಹಾಕುವುದಿಲ್ಲ, ಚಕ್ರದ ಸದ್ದಿನ ಜೊತೆ ಹಾಗೇ ಬೇರೆ ವೀಡಿಯೋ ಆಗಿ ಬಿಡುತ್ತೇನೆ.