ಹಗ್ಗದಾಚೆಯ ಮರಿಗಳು

ಕೇಳುಗರಿಗೆ ನಮಸ್ಕಾರ.

ಕಡಲತೀರದಲ್ಲಿ ನಡೆಯುತ್ತಿರುವಾಗ ಪುಟ್ಟ ಹಕ್ಕಿಯೊಂದು ನಿಮ್ಮ ಮುಂದೆಯೇ ರೆಕ್ಕೆ ಮುರಿದುಕೊಂಡಂತೆ ವಾಲುತ್ತಾ, ಮರಳಿನ ಮೇಲೆ ಮೈಯೆಳೆದುಕೊಂಡು ಹೋದರೆ, ಪಾಪ ಅಂತ ಅದನ್ನು ಹಿಡಿಯಲು ಹೋಗಬೇಡಿ. ಅದಕ್ಕೇನೂ ಆಗಿಲ್ಲ. ಅದರ ಮೊಟ್ಟೆಗೋ ಮರಿಗೋ ನೀವು ತೀರಾ ಹತ್ತಿರ ಬಂದಿದ್ದೀರಿ, ನಿಮ್ಮನ್ನು ಅಲ್ಲಿಂದ ಸಾಗಹಾಕಲು ಅದು ನಾಟಕವಾಡುತ್ತಿದೆ. ನೀವು ಹಿಂದೆ ಹಿಂದೆ ಹೋದರೆ ಸ್ವಲ್ಪ ದೂರ ಕರೆದೊಯ್ದು ಪುರ್ರನೆ ಹಾರಿಬಿಡುತ್ತದೆ. ಆಗ ನೀವು ಮಾಡಬೇಕಾದದ್ದು ಇಷ್ಟೇ: ಕಾಲ ಬುಡ ನೋಡಿಕೊಂಡು, ಬಂದ ಹೆಜ್ಜೆಯಲ್ಲೇ ಹಿಂದೆ ಸರಿದು, ಅಲೆ ತೋಯಿಸಿದ ಮರಳಿಗೆ ಇಳಿದುಬಿಡುವುದು.

ಪ್ಲವರ್, ಟರ್ನ್, ಆಯ್ಸ್ಟರ್‌ಕ್ಯಾಚರ್ ಮುಂತಾದ ಹಕ್ಕಿಗಳಲ್ಲಿ ಹಲವು ಜಾತಿಗಳು ಮರ ಹತ್ತಿ ಗೂಡು ಕಟ್ಟುವುದಿಲ್ಲ. ಉಬ್ಬರದ ಗೆರೆಯಿಂದ ಮೇಲಕ್ಕೆ, ದಿಬ್ಬಗಳಿಂದ ಕೆಳಕ್ಕೆ ಇರುವ ಒಣ ಮರಳೇ ಅವುಗಳ ಮನೆ. ಜನ ಚಾಪೆ ಹಾಸಿ ಮಲಗುವುದೂ ಸರಿಯಾಗಿ ಅಲ್ಲೇ. ಗಂಡು ಪ್ಲವರ್ ಎದೆಯನ್ನು ಮರಳಿಗೆ ಒತ್ತಿ, ಕಾಲಿನಿಂದ ಹಿಂದಕ್ಕೆ ಕೆದರಿ ಒಂದು ಕುಳಿ ಮಾಡುತ್ತದೆ. ಅದು ಸಾಲದು ಅಂತ ಪಕ್ಕದಲ್ಲಿ ಮತ್ತೊಂದು, ಇನ್ನೊಂದು. ಹೆಣ್ಣು ಅವುಗಳಲ್ಲೊಂದನ್ನು ಒಪ್ಪಿಕೊಳ್ಳುತ್ತದೆ. ಒಳಗೆ ಒಂದಷ್ಟು ಚಿಪ್ಪಿನ ಚೂರು ಹಾಸಿದರೆ ಗೂಡು ಸಿದ್ಧ. ಪೈಪಿಂಗ್ ಪ್ಲವರ್ ಎಂಬ ಅಮೆರಿಕದ ಹಕ್ಕಿ ಸಾಮಾನ್ಯವಾಗಿ 4 ಮೊಟ್ಟೆ ಇಡುತ್ತದೆ, ದಿನ ಬಿಟ್ಟು ದಿನಕ್ಕೆ ಒಂದರಂತೆ. ಮರಳಿನ ಬಣ್ಣ, ಮೇಲೆ ಕಪ್ಪು ಚುಕ್ಕೆ. ಅಲ್ಲೇ ಇದೆ ಅಂತ ಗೊತ್ತಿದ್ದವರೂ ಎರಡು ಸಲ ಕಣ್ಣು ಹಾಯಿಸಬೇಕು.

ಟಿಟ್ಟಿಭದ ಮೊಟ್ಟೆಯನ್ನು ಸಮುದ್ರ ಹೊತ್ತೊಯ್ದ ಕಥೆ ನಾವೆಲ್ಲ ಕೇಳಿದ್ದೇವೆ. ನಿಜಕ್ಕೂ ಸಮುದ್ರ ಹಾಗೆ ಮಾಡುತ್ತದೆ. ದೊಡ್ಡ ಉಬ್ಬರವೊಂದು ಬಂದರೆ ತೀರದ ಗೂಡುಗಳೆಲ್ಲ ಒಂದೇ ರಾತ್ರಿಯಲ್ಲಿ ಹೋಗುವುದುಂಟು. ಆದರೆ ಅದು ಈ ಹಕ್ಕಿಗಳಿಗೆ ಹೊಸದಲ್ಲ, ಋತು ಇನ್ನೂ ಉಳಿದಿದ್ದರೆ ಮತ್ತೆ ಇಡುತ್ತವೆ. ಹೊಸದಾಗಿ ಬಂದವರು ನಾವು, ನಮ್ಮ ನಾಯಿ, ನಮ್ಮ ಗಾಡಿ, ನಾವು ಬಿಟ್ಟುಹೋದ ತಿಂಡಿಗೆ ಬರುವ ಕಾಗೆ.

ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ಬಳಿ ಕೋಲ್ ಆಯಿಲ್ ಪಾಯಿಂಟ್ ಎಂಬ ತೀರವಿದೆ. ಅಲ್ಲಿ ಸ್ನೋಯಿ ಪ್ಲವರ್‌ಗಳು ಬಂದು ಕೂರುತ್ತಿದ್ದವು, ಆದರೆ ಮೊಟ್ಟೆ ಇಡುವುದನ್ನು ಎಂದೋ ಬಿಟ್ಟಿದ್ದವು. ಜನ ಓಡಾಡುವ ಮರಳಿನಲ್ಲಿ ಮೊಟ್ಟೆ ಇಟ್ಟರೆ ಏನಾಗುತ್ತದೆ ಅಂತ ತಿಳಿಯಲು ಸಂಶೋಧಕರು ಲಾವಕ್ಕಿಯ ಮೊಟ್ಟೆಗಳನ್ನು ಮರಳಲ್ಲಿಟ್ಟು ನೋಡಿದರು. ಜನರ ಕಾಲಿಗೆ ಸಿಕ್ಕಿ ಒಡೆಯುವ ಅಪಾಯ ದಿನಕ್ಕೆ ನೂರಕ್ಕೆ 8 ಎಂದು ತಿಳಿಯಿತು. 8 ಅಂದರೆ ದೊಡ್ಡದಲ್ಲ ಅನಿಸುತ್ತದೆ. ಆದರೆ ಕಾವು ಸುಮಾರು 4 ವಾರದ ಕೆಲಸ. ದಿನದಿನವೂ ನೂರಕ್ಕೆ 8 ಕಳೆಯುತ್ತಾ ಹೋಗಿ, 28ನೇ ದಿನಕ್ಕೆ ಹತ್ತು ಗೂಡಿನಲ್ಲಿ ಒಂದು ಉಳಿದರೆ ಹೆಚ್ಚು. ತುಳಿದವರಲ್ಲಿ ಯಾರಿಗೂ ತಾವು ತುಳಿದದ್ದು ಗೊತ್ತಿರುವುದಿಲ್ಲ. ಅದೇ ತೀರದಲ್ಲಿ 2001ರಲ್ಲಿ ಮೇಲಿನ ಮರಳಿಗೆ ಅಡ್ಡಲಾಗಿ ಹಗ್ಗ ಕಟ್ಟಿ, ಜನರಿಗೆ ತಿಳಿಹೇಳಲು ಸ್ವಯಂಸೇವಕರನ್ನು ನಿಲ್ಲಿಸಿದರು. ಹಕ್ಕಿಗಳಿಗೆ ಆಗುತ್ತಿದ್ದ ತೊಂದರೆ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಹಕ್ಕಿಗಳು ಮತ್ತೆ ಮೊಟ್ಟೆ ಇಡತೊಡಗಿದವು, ಅದೂ ವರ್ಷ ವರ್ಷವೂ ಹೆಚ್ಚು. ತೀರವನ್ನು ಮುಚ್ಚಿರಲಿಲ್ಲ, ಜನ ನಡೆಯುವ ದಾರಿಯನ್ನು ಸ್ವಲ್ಪ ಕೆಳಕ್ಕೆ ತಿರುಗಿಸಿದ್ದರು, ಅಷ್ಟೇ.

ತುಳಿತವೊಂದೇ ಅಲ್ಲ. ಜನ ಹತ್ತಿರ ಬಂದಾಗಲೆಲ್ಲ ಹಕ್ಕಿ ಏಳುತ್ತದೆ. ಬಿಸಿಲು ನೆತ್ತಿಗೇರಿದ ಹೊತ್ತಿನಲ್ಲಿ ತಾಯಿತಂದೆ ಮೊಟ್ಟೆಯ ಮೇಲೆ ಕೂರುವುದು ಕಾವಿಗಿಂತ ಹೆಚ್ಚಾಗಿ ನೆರಳಿಗೆ. ಅವು ಎದ್ದು ಹೋಗಿ ತಡವಾಗಿ ಬಂದರೆ ಕಾದ ಮರಳಿನ ಮೇಲೆ ಮೊಟ್ಟೆಯೊಳಗಿನ ಜೀವ ಬೇಯುತ್ತದೆ. ನಾಯಿ ಕಂಡರಂತೂ ಮನುಷ್ಯರಿಗಿಂತ ಬೇಗ ಏಳುತ್ತವೆ. ಗಾಳಿಪಟವನ್ನು ಗಿಡುಗ ಅಂದುಕೊಳ್ಳುತ್ತವೆ. ಅಮೆರಿಕದಲ್ಲಿ ಪೈಪಿಂಗ್ ಪ್ಲವರ್‌ಗಾಗಿ ಇರುವ ಮಾರ್ಗಸೂಚಿಯಲ್ಲಿ ಗೂಡಿನ ಸುತ್ತ 50 ಮೀಟರ್ ದೂರದಲ್ಲಿ ಹಗ್ಗ ಕಟ್ಟಿ, 200 ಮೀಟರ್ ಒಳಗೆ ಗಾಳಿಪಟ ಹಾರಿಸಬೇಡಿ ಅಂತ ಹೇಳಿರುವುದು ಇದಕ್ಕೇ.

ಇಲ್ಲಿಯವರೆಗಿನದು ಸುಲಭದ ಭಾಗ. ಮೊಟ್ಟೆ ಇದ್ದಲ್ಲೇ ಇರುತ್ತದೆ, ಅದರ ಸುತ್ತ ಹಗ್ಗ ಕಟ್ಟಬಹುದು. ಮರಿಗೆ ಕಟ್ಟುವುದು ಹೇಗೆ? ಪ್ಲವರ್ ಮರಿ ಒಡೆದು ಬಂದ ಕೆಲವೇ ಗಂಟೆಗಳಲ್ಲಿ ಎದ್ದು ಓಡುತ್ತದೆ. ಹತ್ತಿಯ ಉಂಡೆಗೆ ಎರಡು ಕಡ್ಡಿ ಚುಚ್ಚಿದಂತಿರುವ ಜೀವ. ತಾಯಿ ಗುಟುಕು ಕೊಡುವುದಿಲ್ಲ, ತನ್ನ ಹುಳುವನ್ನು ತಾನೇ ಹುಡುಕಿಕೊಳ್ಳಬೇಕು. ಹುಳ ಇರುವುದು ಒಣ ಮರಳಿನಲ್ಲಲ್ಲ. ತೇವದಂಚಿನಲ್ಲಿ, ಅಲೆ ತಂದು ಹಾಕಿದ ಕಡಲಕಳೆಯ ಸಾಲಿನಲ್ಲಿ. ಅಂದರೆ ಹಗ್ಗದಾಚೆ, ನೇರ ಜನರ ನಡುವೆ. ಅಪಾಯ ಕಂಡರೆ ಹಾರಲಾಗದು, ಮರಳಿಗೆ ಅಂಟಿಕೊಂಡು ಕೂತುಬಿಡುತ್ತದೆ. ಗಾಡಿಯ ಚಕ್ರ ಹೋದ ಜಾಡಿಗೆ ಇಳಿದರೆ ಗೋಡೆ ಹತ್ತಲಾಗದೆ ಅದರೊಳಗೇ ಓಡುತ್ತಿರುತ್ತದೆ, ಹಿಂದೆ ಇನ್ನೊಂದು ಗಾಡಿ ಬರುತ್ತಿರುತ್ತದೆ. ತೀರ ಚೊಕ್ಕಟವಾಗಿ ಕಾಣಲಿ ಅಂತ ಯಂತ್ರ ಓಡಿಸಿ ಆ ಕಡಲಕಳೆಯನ್ನು ಬಾಚುವುದಿದೆಯಲ್ಲ, ಅದು ಮರಿಗಳ ಎದುರಿನ ತಟ್ಟೆಯನ್ನೇ ಎತ್ತಿದ ಹಾಗೆ. ಪ್ಲಾಸ್ಟಿಕ್ಕನ್ನು ಕೈಯಲ್ಲಿ ಹೆಕ್ಕಿ, ಕಳೆಯನ್ನು ಬಿಡಿ. ಹೀಗೆ ನಾಲ್ಕೈದು ವಾರ ಕಳೆದ ಮೇಲೆ ರೆಕ್ಕೆ ಬರುತ್ತದೆ. ನನ್ನನ್ನು ಕೇಳಿದರೆ ಕಾವಲಿನ ನಿಜವಾದ ಕೆಲಸವೆಲ್ಲ ಈ ವಾರಗಳಲ್ಲೇ ಇದೆ, ಆದರೆ ಮೊಟ್ಟೆ ಒಡೆದ ದಿನ ಸಂಭ್ರಮಿಸಿ ಮನೆಗೆ ಹೋಗುವವರೇ ಹೆಚ್ಚು. ಆಸ್ಟ್ರೇಲಿಯಾದಲ್ಲಿ ಹುಡೆಡ್ ಪ್ಲವರ್ ಮರಿಗಳಿಗಾಗಿ ಎರಡು ಹಲಗೆಯನ್ನು ಒಂದಕ್ಕೊಂದು ಒರಗಿಸಿದಂಥ ಪುಟ್ಟ ಗುಡಿಸಲುಗಳನ್ನು ಮರಳಲ್ಲಿ ಇಡುತ್ತಾರೆ. ಬಿಸಿಲಿಗೂ ಆಯಿತು, ಅಡಗಲಿಕ್ಕೂ ಆಯಿತು.

ನರಿ, ಕಾಗೆಗಳಿಂದ ಕಾಪಾಡಲು ಗೂಡಿನ ಮೇಲೆ ತಂತಿಬಲೆಯ ಪಂಜರ ಇಡುವುದೂ ಉಂಟು. ಪ್ಲವರ್ ನುಸುಳಿ ಹೋಗಬಹುದು, ನರಿಗೆ ಆಗದು. ಕೇಳಲು ಚೆನ್ನಾಗಿದೆ. ಆದರೆ ಜಾಣ ಪ್ರಾಣಿಗಳು ಪಂಜರವನ್ನೇ ಗುರುತು ಮಾಡಿಕೊಳ್ಳುತ್ತವೆ, ಹೊರಬರುವ ದೊಡ್ಡ ಹಕ್ಕಿಯನ್ನು ಗಿಡುಗ ಕಾದು ಹಿಡಿದದ್ದೂ ಇದೆ. ಮೊಟ್ಟೆ ಹೋದರೆ ಮತ್ತೆ ಬರುತ್ತದೆ, ತಾಯಿ ಹೋದರೆ ಬರುವುದಿಲ್ಲ. ಹಾಗಾಗಿ ಪಂಜರ ಇಡುವ ನಿರ್ಧಾರ ಅನುಮತಿ ಇರುವ ತಜ್ಞರದ್ದೇ ಆಗಬೇಕು.

ಷಿಕಾಗೋ ನಗರದ ಮಾಂಟ್ರೋಸ್ ತೀರದ ಕಥೆ ಕೇಳಿ. ಮಿಷಿಗನ್ ಸರೋವರದ ದಂಡೆ, ಬೇಸಿಗೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. 2019ರಲ್ಲಿ ಮಾಂಟಿ ಮತ್ತು ರೋಸ್ ಅಂತ ಜನ ಹೆಸರಿಟ್ಟ ಪೈಪಿಂಗ್ ಪ್ಲವರ್ ಜೋಡಿ ಅಲ್ಲಿ ಗೂಡು ಮಾಡಿತು. ಅಲ್ಲಿ ನಡೆಯಬೇಕಿದ್ದ ದೊಡ್ಡ ಸಂಗೀತೋತ್ಸವ ಆ ವರ್ಷ ರದ್ದಾಯಿತು, ಸ್ವಯಂಸೇವಕರು ಪಾಳಿ ಹಾಕಿಕೊಂಡು ಕಾದರು. 2021ರಲ್ಲಿ ಪಂಜರವಿದ್ದರೂ ಸ್ಕಂಕ್ ಎಂಬ ಪ್ರಾಣಿ ಮೊಟ್ಟೆಗಳನ್ನು ತಿಂದುಹಾಕಿತು. ಜೋಡಿ ಮತ್ತೆ ಮೊಟ್ಟೆ ಇಟ್ಟಿತು. ಆ ಎರಡನೇ ಸಲದ ಮರಿಗಳಲ್ಲಿ ಒಂದಾದ ಇಮಾನಿ ಬೆಳೆದು, 2024ರಲ್ಲಿ ಅದೇ ತೀರದಲ್ಲಿ ತಾನೇ ಸಂಸಾರ ಹೂಡಿತು. ಇದೆಲ್ಲ ತಿಳಿದದ್ದು ಗುರುತಿಗಾಗಿ ಹಕ್ಕಿಗಳ ಕಾಲಿಗೆ ತೊಡಿಸುವ ಬಣ್ಣದ ಉಂಗುರಗಳಿಂದ. ಮಿಷಿಗನ್ ಸೇರಿದಂತೆ ಅಲ್ಲಿನ ಮಹಾಸರೋವರಗಳ ಪೈಪಿಂಗ್ ಪ್ಲವರ್‌ಗಳನ್ನು 1986ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸುವಾಗ ಉಳಿದಿದ್ದದ್ದು 17 ಜೋಡಿ. 2023ಕ್ಕೆ ಅವು 80 ಜೋಡಿಯಾದವು.

ಇನ್ನು ಕಾವಲಿಗೆ ನಿಲ್ಲುವವರ ಬಗ್ಗೆ. ಬೆಳಿಗ್ಗೆ ಜನ ಬರುವ ಮೊದಲು ಹೋಗಿ, ರಾತ್ರಿ ಯಾರು ಬಂದುಹೋದರು ಅನ್ನುವುದು ಮರಳಿನ ಮೇಲೇ ಬರೆದಿರುತ್ತದೆ: ನಾಯಿಯ ಪಂಜ, ಕಾಗೆಯ ಕಾಲು, ಚಕ್ರದ ಗುರುತು. ದೂರದಿಂದ ದುರ್ಬೀನಿನಲ್ಲಿ ನೋಡಿ. ಹಕ್ಕಿ ಕೂಗಿಕೊಂಡರೆ, ಮೊಟ್ಟೆ ಬಿಟ್ಟು ಎದ್ದರೆ ನೀವೇ ಹೆಚ್ಚು ಹತ್ತಿರ ಬಂದಿದ್ದೀರಿ. ಗೂಡಿನತನಕ ನೇರ ಹೋಗಿ ನೇರ ವಾಪಸು ಬರಬೇಡಿ, ನಿಮ್ಮ ಹೆಜ್ಜೆ ನರಿಗೆ ದಾರಿ ತೋರಿಸುತ್ತದೆ. ಪಕ್ಕದಲ್ಲಿ ಕಾಗೆ ಕೂತು ನೋಡುತ್ತಿದ್ದರೆ ಆ ಕಡೆ ತಲೆಯನ್ನೂ ಹಾಕಬೇಡಿ. ಫೋಟೋ ಜೊತೆ ಗೂಡಿನ ಜಾಗವನ್ನು ಊರಿಗೆಲ್ಲ ಸಾರಬೇಡಿ. ಉಂಗುರ ಕಂಡರೆ ಯಾವ ಕಾಲು, ಮೇಲಿನಿಂದ ಕೆಳಕ್ಕೆ ಯಾವ ಯಾವ ಬಣ್ಣ ಅಂತ ಬರೆದುಕೊಳ್ಳಿ, ಅನುಕ್ರಮ ತಪ್ಪಿದರೆ ಅದು ಬೇರೆ ಹಕ್ಕಿಯಾಗಿಬಿಡುತ್ತದೆ. ಲೆಕ್ಕದಲ್ಲಿ ಮುಖ್ಯವಾದದ್ದು ಎಷ್ಟು ಮೊಟ್ಟೆ ಅನ್ನುವುದಲ್ಲ, ಎಷ್ಟು ಮರಿ ಹಾರಿದವು ಅನ್ನುವುದು. ಅಟ್ಲಾಂಟಿಕ್ ಕರಾವಳಿಯ ಪೈಪಿಂಗ್ ಪ್ಲವರ್‌ಗಳಿಗೆ ಇಟ್ಟಿರುವ ಗುರಿಯೇ ಜೋಡಿಗೆ ಸರಾಸರಿ ಒಂದೂವರೆ ಮರಿ. 4 ಮೊಟ್ಟೆಗೆ ಒಂದೂವರೆ!

ಜನರ ಜೊತೆ ಮಾತಾಡುವುದೇ ಎಲ್ಲಕ್ಕಿಂತ ಕಷ್ಟ. "ತೀರ ಎಲ್ಲರದ್ದಲ್ಲವೇ?" ಅಂತ ಕೇಳುತ್ತಾರೆ, ಕೇಳುವುದು ನ್ಯಾಯವೇ. ಗದರಿದರೆ ಕೆಲಸ ಕೆಡುತ್ತದೆ. ದುರ್ಬೀನನ್ನು ಅವರ ಕೈಗೆ ಕೊಟ್ಟು "ಅಗೋ, ಆ ಚಿಪ್ಪಿನ ಪಕ್ಕ" ಅನ್ನಿ. ಮರಿಯನ್ನು ಕಣ್ಣಾರೆ ಕಂಡವರೇ ಮುಂದೆ ಬರುವವರಿಗೆ ನಾಯಿ ಕಟ್ಟಿಕೊಳ್ಳಿ ಅಂತ ಹೇಳುತ್ತಾರೆ. ಇನ್ನೊಂದು ಮಾತು: ಕೊನೆಯ ಮರಿ ಹಾರಿದ ಮೇಲೆ ಹಗ್ಗವನ್ನು ತಡಮಾಡದೆ ಬಿಚ್ಚಿ. ಹಕ್ಕಿ ಇಲ್ಲದ ಮರಳಿಗೆ ತಿಂಗಳುಗಟ್ಟಲೆ ಹಗ್ಗ ಬಿಟ್ಟರೆ, ಮುಂದಿನ ವರ್ಷ ನೀವು ಕಟ್ಟಿದಾಗ ಯಾರೂ ನಂಬುವುದಿಲ್ಲ.

ನಮಸ್ಕಾರ.